ಇವರು ಮತ್ತೊಬ್ಬ ದ್ರಾವಿಡ್ ಆಗುವರೇ?

2025ನೆಯ ಇಸವಿಯ ಜೂನ್ 20ರಂದು ಇಂಗ್ಲೆಂಡಿನ ಲೀಡ್ಸ್ ನಗರದ ಹೆಡಿಂಗ್ಲೆ ಮೈದಾನದಲ್ಲಿ ಭಾರತದ ಪರವಾಗಿ ಮೊದಲ ಟೆಸ್ಟ್ ಪಂದ್ಯವಾಡಿದ ತರುಣನ ಹೆಸರು ಬಿ. ಸಾಯಿ ಸುದರ್ಶನ್. ಚೆನ್ನೈ ನಗರದವರು, ಎಡಗೈ ದಾಂಡಿಗರು, ಆಗಿನ್ನೂ 23ರ ಹರೆಯ. ಅವರಿಗೆ ಕೊಟ್ಟ ಸ್ಥಾನ ಮೂರನೆಯ ಕ್ರಮಾಂಕ. ಇಪ್ಪತ್ತೊಂಬತ್ತು ವರ್ಷಗಳ ಹಿಂದೆ, ಇದೇ ಜೂನ್ 20ರಂದು, ಇದೇ ಇಂಗ್ಲೆಂಡಿನಲ್ಲಿ, ಲಾರ್ಡ್ಸ್ ಮೈದಾನದಲ್ಲಿ ಆರಂಭವಾದ ಪಂದ್ಯದಲ್ಲಿ ನಮ್ಮ ರಾಹುಲ್ ದ್ರಾವಿಡರು ಟೆಸ್ಟ್ ಆಟಕ್ಕೆ ಅಡಿಯಿಟ್ಟಿದ್ದರು. ಮುಂದೆ ಮೂರನೆಯ ಕ್ರಮಾಂಕವೆಂದರೆ ದ್ರಾವಿಡ್ ಎನ್ನುವಷ್ಟು ಆ ಸ್ಥಾನಕ್ಕೂ ಅವರ ಹೆಸರಿಗೂ ನಂಟು ಬೆಳೆಯಿತು. ದಿನಾಂಕ ಒಂದೇ, ದೇಶ ಒಂದೇ, ಸ್ಥಾನವೂ ಒಂದೇ ಆದಮೇಲೆ ಕೇಳಬೇಕೆ? ‘ಇವರು ಮತ್ತೊಬ್ಬ ದ್ರಾವಿಡ್ ಆಗುವರೇ?’ ಎಂಬ ಪ್ರಶ್ನೆ ಪತ್ರಿಕೆಗಳಿಂದ ಹೊರಟು ಚಹದಂಗಡಿಗಳನ್ನು ದಾಟಿ ಮನೆಮನೆಯ ಜಗಲಿಯನ್ನು ಸೇರಿತು.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಬಗೆಯ ರುಚಿಯಿದೆ. ದ್ರಾವಿಡರು ಕರ್ನಾಟಕದವರೆಂದು ನಮ್ಮ ಹಿರಿಯರಿಗೆ ಅಭಿಮಾನ. ಸಾಯಿ ಸುದರ್ಶನ್ ನಮ್ಮ ಕಣ್ಣೆದುರಿನ ಕೊಯಮತ್ತೂರು ತಂಡದಲ್ಲಿ ಆಡಿ ಮೇಲೇರಿದವರೆಂದು ನಮ್ಮ ಮಕ್ಕಳಿಗೆ ಅಭಿಮಾನ. ಒಂದೇ ಮನೆಯಲ್ಲಿ ಅಜ್ಜನೊಬ್ಬರ ಪಕ್ಷ, ಮೊಮ್ಮಗನೊಬ್ಬರ ಪಕ್ಷ. ಈ ವಾದದಲ್ಲಿ ಯಾರು ಗೆಲ್ಲಬೇಕೆಂದು ತೀರ್ಪು ಹೇಳುವುದು ನಮ್ಮ ಉದ್ದೇಶವಲ್ಲ. ಆಟದಿಂದ ನಿವೃತ್ತರಾದ ಮಹನೀಯರೊಬ್ಬರೊಡನೆ ಈಗತಾನೆ ಕಣ್ಣಿಗೆ ಬಿದ್ದ ತರುಣನನ್ನು ಹೋಲಿಸುವ ಈ ಪದ್ಧತಿಯಲ್ಲಿ ಹುರುಳೆಷ್ಟು, ಜೊಳ್ಳೆಷ್ಟು ಎಂಬುದನ್ನು ವಿಚಾರಿಸುವುದು ಉದ್ದೇಶ. ಏಕೆಂದರೆ ಈ ಪದ್ಧತಿ ಲೀಡ್ಸ್ ಮೈದಾನದಲ್ಲಿಯೇ ನಿಲ್ಲುವುದಿಲ್ಲ. ನಮ್ಮ ಶಾಲೆಯ ಅಂಗಳಕ್ಕೂ ಅಡುಗೆಮನೆಗೂ ಬರುತ್ತದೆ.

ಆಯ್ಕೆಯ ಸಂತೆಯಲ್ಲಿ ಹುಟ್ಟುವ ಹೋಲಿಕೆ

ಇಂತಹ ಹೋಲಿಕೆಗಳು ಹುಲುಸಾಗಿ ಬೆಳೆಯುವ ನೆಲ ಅಮೆರಿಕದ ಬಾಸ್ಕೆಟ್‌ಬಾಲ್ ಆಟ. ಅಲ್ಲಿನ ಎನ್.ಬಿ.ಎ. ಎಂಬ ವೃತ್ತಿ ಲೀಗಿನಲ್ಲಿ ವರ್ಷಕ್ಕೊಮ್ಮೆ ‘ಡ್ರಾಫ್ಟ್’ ಎಂಬ ಆಯ್ಕೆ ನಡೆಯುತ್ತದೆ. ಹೊಸದಾಗಿ ಬರುವ ಆಟಗಾರರನ್ನು ತಂಡಗಳು ಸರದಿಯ ಮೇಲೆ ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಸೋತು ಕೆಳಗುಳಿದ ತಂಡಗಳಿಗೆ ಮುಂದಿನ ಸರದಿ ದೊರೆಯುವಂತೆ ವ್ಯವಸ್ಥೆಯಿದೆ. ಆಯ್ಕೆಯಾಗಲಿರುವ ಹುಡುಗನನ್ನು ಬಹುಮಂದಿ ನೋಡಿರುವುದಿಲ್ಲ. ಆದುದರಿಂದ ಅವನನ್ನು ವರ್ಣಿಸುವವರು ಎಲ್ಲರೂ ಬಲ್ಲ ಹಳೆಯ ಆಟಗಾರನೊಬ್ಬನ ಹೆಸರನ್ನು ಹಿಡಿದು, ‘ಇವನು ಅವನಂತೆ’ ಎಂದುಬಿಡುತ್ತಾರೆ. ಹೇಳುವವನಿಗೆ ಶ್ರಮ ಉಳಿಯಿತು, ಕೇಳುವವನಿಗೆ ಚಿತ್ರ ಸಿಕ್ಕಿತು. ಭಾರವೆಲ್ಲ ಆ ಹುಡುಗನ ಹೆಗಲಿಗೆ.

ನಮ್ಮ ದೇಶದ ಹುಡುಗನೊಬ್ಬನೂ ಆ ಭಾರವನ್ನು ಹೊತ್ತಿದ್ದುಂಟು. ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ ಅವರು ಏಳು ಅಡಿಗೂ ಮೀರಿದ ಎತ್ತರದವರು. ಲೂಧಿಯಾನದಲ್ಲಿ ತರಬೇತಿ ಪಡೆದು, 2010ರಲ್ಲಿ, ಹದಿಹರೆಯದಲ್ಲಿಯೇ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಫ್ಲಾರಿಡಾಕ್ಕೆ ಹೋದರು. 2015ರ ಡ್ರಾಫ್ಟಿನಲ್ಲಿ ಡಲ್ಲಾಸ್ ತಂಡ ಅವರನ್ನು 52ನೆಯ ಸರದಿಯಲ್ಲಿ ಆರಿಸಿಕೊಂಡಿತು. ಭಾರತದಲ್ಲಿ ಹುಟ್ಟಿದವರೊಬ್ಬರು ಆ ಆಯ್ಕೆಯಲ್ಲಿ ಸೇರಿದುದು ಅದೇ ಮೊದಲು. ಒಡನೆಯೇ ಅವರನ್ನು ಚೀನಾದ ಯಾವೊ ಮಿಂಗ್ ಅವರೊಡನೆ ಹೋಲಿಸತೊಡಗಿದರು. ಯಾವೊ ಮಿಂಗ್ 2002ರ ಡ್ರಾಫ್ಟಿನಲ್ಲಿ ಮೊತ್ತಮೊದಲ ಸರದಿಯಲ್ಲಿಯೇ ಹ್ಯೂಸ್ಟನ್ ತಂಡಕ್ಕೆ ಆಯ್ಕೆಯಾಗಿ, ಕೀರ್ತಿವಂತರಾಗಿ, 2011ರಲ್ಲಿ ನಿವೃತ್ತರಾದವರು. ಇಬ್ಬರೂ ಏಷ್ಯದವರು, ಇಬ್ಬರೂ ಅಸಾಧಾರಣ ಎತ್ತರದವರು, ಇಬ್ಬರ ಬೆನ್ನಿಗೂ ನೂರು ಕೋಟಿಗೆ ಮೀರಿದ ಜನರಿರುವ ದೇಶ. ಹೋಲಿಕೆಗೆ ಇಷ್ಟು ಸಾಕಾಯಿತು.

ಆದರೆ ಹೋಲಿಸಿದವರು ಅಳೆದುದು ಎತ್ತರವನ್ನು ಮಾತ್ರ. ಯಾವೊ ಮಿಂಗ್ ಅವರ ತಂದೆತಾಯಿಗಳಿಬ್ಬರೂ ಬಾಸ್ಕೆಟ್‌ಬಾಲ್ ಆಟಗಾರರು. ಅಮೆರಿಕಕ್ಕೆ ಹೋಗುವ ಮುನ್ನ ಅವರು ತಮ್ಮ ನಾಡಿನ ವೃತ್ತಿ ಲೀಗಿನಲ್ಲಿ ಶಾಂಘಾಯಿ ತಂಡಕ್ಕಾಗಿ ಐದು ಋತುಗಳು ಆಡಿ ಪಳಗಿದ್ದರು. ಸತ್ನಾಮ್ ಅವರಾದರೋ ರೈತರ ಮಗ. ಅವರ ಕಾಲದ ಭಾರತದಲ್ಲಿ ಅಂತಹ ಭದ್ರವಾದ ವೃತ್ತಿ ಲೀಗು ಇರಲಿಲ್ಲ. ಡಲ್ಲಾಸಿನ ಕೆಳಹಂತದ ತಂಡವಾದ ಟೆಕ್ಸಾಸ್ ಲೆಜೆಂಡ್ಸ್‌ನಲ್ಲಿ ಆಡಿದರೇ ಹೊರತು ಎನ್.ಬಿ.ಎ. ಪಂದ್ಯವೊಂದರಲ್ಲಿ ಆಡುವ ಅವಕಾಶ ಅವರಿಗೆ ಬರಲಿಲ್ಲ. ಹಳ್ಳಿಯಿಂದ ಹೊರಟು ಅಷ್ಟು ದೂರ ನಡೆದುದು ಸಾಮಾನ್ಯ ಸಾಧನೆಯೇನಲ್ಲ. ಆದರೂ ‘ಯಾವೊ ಮಿಂಗ್ ಆಗಲಿಲ್ಲ’ ಎಂಬ ಒಂದೇ ಮಾತಿನಲ್ಲಿ ಆ ಸಾಧನೆ ಮರೆಯಾಯಿತು. ಬರಿಯ ಮೈಕಟ್ಟನ್ನು ನೋಡಿ, ಬೆಳೆದ ನೆಲವನ್ನು ನೋಡದೆ ಮಾಡಿದ ಹೋಲಿಕೆಯಿಂದ ಆಗುವ ಅನ್ಯಾಯ ಇದು.

ನಮ್ಮ ಊರಿನ ಹರಾಜಿನಿಂದ ಮೇಲೆದ್ದ ಹೆಸರು

ಕ್ರಿಕೆಟ್ಟಿನಲ್ಲಿಯೂ ಇಂತಹ ಆಯ್ಕೆಗಳು ಬಂದು ಬಹಳ ಕಾಲವಾಗಿಲ್ಲ. ಐ.ಪಿ.ಎಲ್. ಹರಾಜು 2008ರಲ್ಲಿ ಆರಂಭವಾಯಿತು. ತಮಿಳುನಾಡು ಪ್ರೀಮಿಯರ್ ಲೀಗು 2016ರಲ್ಲಿ ಆರಂಭವಾದಾಗ ಅಮೆರಿಕದ ಪದ್ಧತಿಯಂತೆ ಡ್ರಾಫ್ಟಿನ ಮೂಲಕವೇ ಆಟಗಾರರನ್ನು ಹಂಚಿಕೊಂಡರು. 2023ರಿಂದ ಹರಾಜು ಬಂದಿತು. ಆ ಮೊದಲ ಹರಾಜಿನಲ್ಲಿ ಕೊಯಮತ್ತೂರಿನ ಲೈಕಾ ಕೋವೈ ಕಿಂಗ್ಸ್ ತಂಡವು ಸಾಯಿ ಸುದರ್ಶನ್ ಅವರಿಗೆ 21 ಲಕ್ಷದ 60 ಸಾವಿರ ರೂಪಾಯಿಗಳನ್ನು ಕೊಟ್ಟಿತು. ಅದಕ್ಕೆ ಒಂದು ವರ್ಷ ಮುಂಚೆ, 2022ರಲ್ಲಿ, ಐ.ಪಿ.ಎಲ್.ನ ಗುಜರಾತ್ ತಂಡ ಅವರನ್ನು ಕೊಂಡುಕೊಂಡದ್ದು 20 ಲಕ್ಷಕ್ಕೆ. ದೇಶದ ದೊಡ್ಡ ಸಂತೆಗಿಂತ ನಮ್ಮ ಊರಿನ ಸಂತೆಯೇ ಅವರಿಗೆ ಹೆಚ್ಚು ಬೆಲೆ ಕಟ್ಟಿತೆಂಬುದು ಆಗ ಎಲ್ಲರ ಬಾಯಲ್ಲಿದ್ದ ಮಾತು.

ಆ ವರ್ಷದ ಜೂನ್ 12ರಂದು ಕೊಯಮತ್ತೂರಿನ ಎಸ್.ಎನ್.ಆರ್. ಕಾಲೇಜಿನ ಮೈದಾನದಲ್ಲಿ ಲೀಗಿನ ಮೊದಲ ಪಂದ್ಯ ನಡೆಯಿತು. ಎದುರಾಳಿಗಳು ಬೇರೆ ಯಾರೂ ಅಲ್ಲ, ನೆರೆಯ ತಿರುಪ್ಪೂರಿನ ತಂಡ. ಸಾಯಿ ಸುದರ್ಶನ್ 45 ಚೆಂಡುಗಳಲ್ಲಿ 86 ಓಟಗಳನ್ನು ಗಳಿಸಿದರು. ಕೊಯಮತ್ತೂರು 70 ಓಟಗಳಿಂದ ಗೆದ್ದಿತು. ಮುಂದೆ ಆ ವರ್ಷದ ಪ್ರಶಸ್ತಿಯೂ ಕೊಯಮತ್ತೂರಿನ ಪಾಲಾಯಿತು. ತಿರುಪ್ಪೂರಿನವರು ಬಹಳ ಕಾಲ ಕಾಯಬೇಕಾಗಲಿಲ್ಲ. 2025ರಲ್ಲಿ ಪ್ರಶಸ್ತಿ ಅವರ ಊರಿಗೆ ಬಂದಿತು. ಸಾಯಿ ಸುದರ್ಶನ್ ಅವರ ಹೆಸರೂ ಬೆಳೆಯುತ್ತ ಹೋಗಿ, 2025ರ ಐ.ಪಿ.ಎಲ್.ನಲ್ಲಿ 759 ಓಟಗಳೊಡನೆ ಎಲ್ಲರಿಗಿಂತ ಮುಂದೆ ನಿಂತರು. ಲೀಡ್ಸ್‌ಗೆ ಹೋದುದು ಈ ಬಲದ ಮೇಲೆ.

ಇಲ್ಲಿಯೇ ಒಂದು ಮಾತನ್ನು ಹೇಳಿಬಿಡಬೇಕು. ತಮಿಳುನಾಡಿನ ಹುಡುಗನನ್ನು ಮೆಚ್ಚಿದರೆ ಕನ್ನಡಕ್ಕೆ ಎರಡು ಬಗೆದಂತಾಗುವುದೋ ಎಂಬ ಅಳುಕು ನಮ್ಮ ಕೆಲವು ಹಿರಿಯರಲ್ಲಿದೆ. 2015ರ ರಣಜಿ ಅಂತಿಮ ಪಂದ್ಯದಲ್ಲಿ ಕರುಣ್ ನಾಯರ್ 328 ಓಟಗಳನ್ನು ಹೊಡೆದು ಕರ್ನಾಟಕವು ತಮಿಳುನಾಡನ್ನು ಸೋಲಿಸಿದಾಗ ನಮ್ಮ ಮನೆಗಳಲ್ಲಿ ನಗುವೂ ಮುನಿಸೂ ಜೊತೆಜೊತೆಯಾಗಿದ್ದವು. ಆದರೆ ದ್ರಾವಿಡರ ಕಥೆಯನ್ನೇ ನೋಡಿರಿ. ಅವರು ಹುಟ್ಟಿದ್ದು 1973ರಲ್ಲಿ ಇಂದೂರಿನಲ್ಲಿ, ಮನೆಮಾತು ಮರಾಠಿ. ಬೆಳೆದದ್ದು, ಓದಿದ್ದು, ಆಟ ಕಲಿತದ್ದು ಬೆಂಗಳೂರಿನಲ್ಲಿ. ಕನ್ನಡವನ್ನು ಕಲಿತು ಕರ್ನಾಟಕದವರೇ ಆದರು. ಮನೆಯೊಳಗೊಂದು ಮಾತು, ಬೀದಿಯಲ್ಲೊಂದು ಮಾತು ಎಂಬ ಸ್ಥಿತಿ ಸಿರುಮುಗೈಯ ನೇಕಾರರ ಮಕ್ಕಳಿಗೂ ಉಡುಮಲೈಪೇಟೆಯ ಒಕ್ಕಲಿಗರ ಮಕ್ಕಳಿಗೂ ಹೊಸದಲ್ಲ. ಆಡುವ ನೆಲವನ್ನು ಪ್ರೀತಿಸಿದರೆ ಮನೆಮಾತು ಕಳೆದುಹೋಗುವುದಿಲ್ಲ.

ಇಬ್ಬರನ್ನು ಪಕ್ಕಪಕ್ಕದಲ್ಲಿಟ್ಟಾಗ

ಈಗ ಮೂಲ ಪ್ರಶ್ನೆಗೆ ಬರೋಣ. ಮೇಲ್ನೋಟಕ್ಕೆ ಕಾಣುವ ಹೋಲಿಕೆಗಳು ಕೆಲವಿವೆ. ಇಬ್ಬರೂ ಚೆಂಡನ್ನು ಬಡಿಯುವುದಕ್ಕಿಂತ ಹೊತ್ತು ನೋಡಿ ತಳ್ಳುವುದನ್ನು ಬಲ್ಲವರು. ಇಬ್ಬರ ನಡೆನುಡಿಯಲ್ಲಿಯೂ ಅಬ್ಬರವಿಲ್ಲ. ಆದರೆ ದಿನಾಂಕ ಒಂದೇ ಎಂಬುದಕ್ಕೆ ನಾವು ಹೆಚ್ಚು ಬೆಲೆ ಕೊಡಲಾರೆವು. ಜೂನ್ 20ರಂದೇ, 2011ರಲ್ಲಿ, ವೆಸ್ಟ್ ಇಂಡೀಸಿನ ಕಿಂಗ್‌ಸ್ಟನ್ನಿನಲ್ಲಿ ವಿರಾಟ್ ಕೊಹ್ಲಿಯವರೂ ಮೊದಲ ಟೆಸ್ಟ್ ಆಡಿ 4 ಮತ್ತು 15 ಓಟಗಳನ್ನು ಗಳಿಸಿದ್ದರು. ಪಂಚಾಂಗ ನೋಡಿ ಆಟಗಾರನ ಭವಿಷ್ಯ ಹೇಳುವುದಾದರೆ ತರಬೇತುದಾರರ ಕೆಲಸ ಸುಲಭವಾಗುತ್ತಿತ್ತು.

ಸ್ಥಾನ ಒಂದೇ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. 1996ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ದ್ರಾವಿಡರು ಆಡಿದುದು ಮೂರನೆಯವರಾಗಿ ಅಲ್ಲ, ಏಳನೆಯವರಾಗಿ. ಮೇಲಿನವರು ಹೊಸ ಚೆಂಡಿನ ಮಸೆತವನ್ನು ತಾಳಿಕೊಂಡ ಮೇಲೆ ಇಳಿದು 95 ಓಟಗಳನ್ನು ಗಳಿಸಿದರು. ಅದೇ ಪಂದ್ಯದಲ್ಲಿ ತಾವೂ ಮೊದಲ ಬಾರಿಗೆ ಆಡುತ್ತಿದ್ದ ಸೌರವ್ ಗಂಗೂಲಿ ಮೂರನೆಯವರಾಗಿ ಬಂದು 131 ಓಟಗಳನ್ನು ಹೊಡೆದಿದ್ದರು. ದ್ರಾವಿಡರ ಮೊದಲ ಟೆಸ್ಟ್ ಶತಕ ಬಂದದ್ದು ಏಳು ತಿಂಗಳು ಕಳೆದ ಮೇಲೆ, 1997ರ ಜನವರಿಯಲ್ಲಿ, ಜೊಹಾನ್ಸ್‌ಬರ್ಗ್‌ನಲ್ಲಿ. ಆಗ ಅವರು ಮೂರನೆಯ ಕ್ರಮಾಂಕದಲ್ಲಿ 148 ಓಟಗಳನ್ನು ಗಳಿಸಿದರು. ಸಾಯಿ ಸುದರ್ಶನ್ ಅವರನ್ನಾದರೋ ಮೊದಲ ದಿನದಂದೇ ಆ ಕಠಿಣ ಸ್ಥಾನದಲ್ಲಿ ನಿಲ್ಲಿಸಲಾಯಿತು. ನಾಲ್ಕೇ ಚೆಂಡುಗಳನ್ನು ಎದುರಿಸಿ ಶೂನ್ಯಕ್ಕೆ ಔಟಾದರು. ಎರಡನೆಯ ಇನ್ನಿಂಗ್ಸಿನಲ್ಲಿ 30 ಓಟಗಳನ್ನು ಗಳಿಸಿದರು. ಏಳನೆಯವನ 95ನ್ನೂ ಮೂರನೆಯವನ ಶೂನ್ಯವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ.

ಅದಕ್ಕಿಂತ ದೊಡ್ಡ ವ್ಯತ್ಯಾಸ ಅವರ ಪೂರ್ವಸಿದ್ಧತೆಯಲ್ಲಿದೆ. ದ್ರಾವಿಡರು ರಣಜಿ ಪಂದ್ಯಗಳಿಗೆ ಕಾಲಿಟ್ಟದ್ದು 1991ರ ಫೆಬ್ರವರಿಯಲ್ಲಿ. ಟೆಸ್ಟ್ ತಂಡ ಸೇರಿದ್ದು 1996ರ ಜೂನ್‌ನಲ್ಲಿ. ನಡುವೆ ಐದು ವರ್ಷಗಳಿಗೂ ಮಿಕ್ಕಿ ನಾಲ್ಕು ದಿನಗಳ ಪಂದ್ಯಗಳಲ್ಲಿ ಬೆವರು ಸುರಿಸಿದರು. ಸಾಯಿ ಸುದರ್ಶನ್ ತಮ್ಮ ಮೊದಲ ರಣಜಿ ಪಂದ್ಯವನ್ನು 2022ರ ಡಿಸೆಂಬರಿನಲ್ಲಿ ಹೈದರಾಬಾದಿನ ವಿರುದ್ಧ ಆಡಿ 179 ಓಟಗಳನ್ನು ಹೊಡೆದರು. ಆರಂಭವೇನೋ ಅದ್ಭುತವೇ. ಆದರೆ ಎರಡೂವರೆ ವರ್ಷಗಳಲ್ಲಿಯೇ ಟೆಸ್ಟ್ ಕರೆ ಬಂದಿತು. ಆ ಅವಧಿಯ ಬಹುಭಾಗವನ್ನು ಇಪ್ಪತ್ತು ಓವರುಗಳ ಆಟ ತಿಂದುಹಾಕಿತ್ತು.

ಇಪ್ಪತ್ತು ಓವರುಗಳ ಆಟದಲ್ಲಿ ಇಡೀ ತಂಡಕ್ಕೆ ಸಿಗುವುದು 120 ಚೆಂಡುಗಳು. ದ್ರಾವಿಡರು ತಮ್ಮ ಟೆಸ್ಟ್ ಜೀವನದಲ್ಲಿ ಎದುರಿಸಿದ ಚೆಂಡುಗಳು 31,258. ನಮ್ಮ ಏಳನೆಯ ತರಗತಿಯ ಮಕ್ಕಳಿಗೆ ಭಾಗಾಕಾರದ ಲೆಕ್ಕವಾಗಿ ಇದನ್ನು ಕೊಡಬಹುದು: ಇಪ್ಪತ್ತು ಓವರುಗಳ ಸುಮಾರು 260 ಇನ್ನಿಂಗ್ಸ್‌ಗಳನ್ನು ಒಬ್ಬರೇ, ಒಂದು ಚೆಂಡನ್ನೂ ಇನ್ನೊಬ್ಬರಿಗೆ ಬಿಡದೆ ಆಡಿದಂತೆ! ಟೆಸ್ಟ್ ಆಟದ ಇತಿಹಾಸದಲ್ಲಿ ಮತ್ತೊಬ್ಬರು ಅಷ್ಟು ಚೆಂಡುಗಳನ್ನು ಎದುರಿಸಿದ್ದಿಲ್ಲ. ಬೇರೆ ಆಟದ ಪಾಠಶಾಲೆಯಲ್ಲಿ ಓದಿಬಂದ ತರುಣನಿಂದ ಮೊದಲ ದಿನವೇ ಆ ತಾಳ್ಮೆಯನ್ನು ನಿರೀಕ್ಷಿಸುವುದು, ಲಾಳಿ ಹಿಡಿಯಲು ಆಗತಾನೆ ಕಲಿತವನಿಂದ ಮದುವೆಯ ಸೀರೆಯನ್ನು ನಿರೀಕ್ಷಿಸಿದಂತೆ.

ಪೂಜಾರರ ಲೆಕ್ಕ ಕಲಿಸುವ ಪಾಠ

ಸಾಯಿ ಸುದರ್ಶನ್ ಅವರಿಗೂ ಮುಂಚೆ ‘ಎರಡನೆಯ ದ್ರಾವಿಡ್’ ಎಂಬ ಬಿರುದನ್ನು ಹೊತ್ತವರು ಸೌರಾಷ್ಟ್ರದ ಚೇತೇಶ್ವರ ಪೂಜಾರ. 2010ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದ ವಿರುದ್ಧ ಬೆಂಗಳೂರಿನಲ್ಲಿ ಅವರು ಮೊದಲ ಟೆಸ್ಟ್ ಆಡಿದರು. ಮೊದಲ ಇನ್ನಿಂಗ್ಸಿನಲ್ಲಿ ನಾಲ್ಕೇ ಓಟ. ಎರಡನೆಯ ಇನ್ನಿಂಗ್ಸಿನಲ್ಲಿ ಅವರನ್ನು ಮೂರನೆಯವರಾಗಿ ಕಳುಹಿಸಿದರು. ದ್ರಾವಿಡರು ತಮ್ಮ ತವರೂರಿನ ಮೈದಾನದಲ್ಲಿಯೇ ಆ ಸ್ಥಾನವನ್ನು ಬಿಟ್ಟು ಹಿಂದೆ ಸರಿದರು. ಹುಡುಗ 72 ಓಟಗಳನ್ನು ಗಳಿಸಿದ, ಭಾರತ ಗೆದ್ದಿತು. 2012ರಲ್ಲಿ ದ್ರಾವಿಡರು ನಿವೃತ್ತರಾದ ಮೇಲೆ ಆ ಸ್ಥಾನ ಪೂಜಾರರದೇ ಆಯಿತು.

ಆ ಮೇಲೆ ನಡೆದುದು ಅಚ್ಚರಿಯ ಸಂಗತಿ. ಪೂಜಾರರು 3,000 ಓಟಗಳನ್ನು ಪೂರೈಸಿದ್ದು 67ನೆಯ ಇನ್ನಿಂಗ್ಸಿನಲ್ಲಿ, ದ್ರಾವಿಡರೂ 67ನೆಯದರಲ್ಲಿ. 4,000ಕ್ಕೆ ಪೂಜಾರರಿಗೆ ಬೇಕಾದುದು 84, ದ್ರಾವಿಡರಿಗೂ 84. 5,000ಕ್ಕೆ ಪೂಜಾರರಿಗೆ 108, ದ್ರಾವಿಡರಿಗೂ 108. ಒಂದೇ ಹಾಸಿನ ಮೇಲೆ ನೆಯ್ದ ಎರಡು ಸೀರೆಗಳಂತೆ ಲೆಕ್ಕ ಕೂಡಿಬಂದಿತು. 2018ರ ಡಿಸೆಂಬರಿನಲ್ಲಿ, ಅಡಿಲೇಡ್ ಪಂದ್ಯದಲ್ಲಿ ಈ ಮೂರನೆಯ ಲೆಕ್ಕ ಸರಿಹೋದಾಗ ಹೋಲಿಕೆಯನ್ನು ಯಾರು ತಾನೆ ಅಲ್ಲಗಳೆಯಬಲ್ಲವರಾಗಿದ್ದರು?

ಆದರೆ 109ನೆಯ ಇನ್ನಿಂಗ್ಸಿನಿಂದ ಮುಂದೆ ಹೊಕ್ಕಿನ ನೂಲು ಬೇರೆಯಾಯಿತು. ದ್ರಾವಿಡರು 164 ಟೆಸ್ಟ್ ಪಂದ್ಯಗಳಲ್ಲಿ 13,288 ಓಟಗಳನ್ನೂ 36 ಶತಕಗಳನ್ನೂ ಗಳಿಸಿ ನಿವೃತ್ತರಾದರು. ಪೂಜಾರರು 103 ಪಂದ್ಯಗಳಲ್ಲಿ 7,195 ಓಟಗಳನ್ನೂ 19 ಶತಕಗಳನ್ನೂ ಗಳಿಸಿ 2025ರ ಆಗಸ್ಟಿನಲ್ಲಿ ನಿವೃತ್ತಿ ಘೋಷಿಸಿದರು. ಎಂಟು ವರ್ಷಗಳ ಲೆಕ್ಕ ಅಕ್ಷರಶಃ ಕೂಡಿಬಂದರೂ ಕೊನೆಯ ಲೆಕ್ಕ ಕೂಡಲಿಲ್ಲ. ಹಾಗೆಂದು ಪೂಜಾರರು ಸೋತರೆ? ಖಂಡಿತ ಇಲ್ಲ. ಆ ಅಡಿಲೇಡ್ ಪಂದ್ಯದಿಂದ ಮೊದಲಾದ ಸರಣಿಯಲ್ಲಿ ಅವರು ಮೂರು ಶತಕಗಳನ್ನು ಹೊಡೆದು, ಆಸ್ಟ್ರೇಲಿಯದ ನೆಲದಲ್ಲಿ ಭಾರತದ ಮೊತ್ತಮೊದಲ ಸರಣಿ ಗೆಲುವಿಗೆ ಕಾರಣರಾದರು. ದ್ರಾವಿಡರ ಕಾಲದಲ್ಲಿ ದೊರೆಯದ ಗೆಲುವು ಅದು. ‘ಎರಡನೆಯ ದ್ರಾವಿಡ್’ ಎಂಬ ಕನ್ನಡಕವನ್ನು ಹಾಕಿಕೊಂಡವನಿಗೆ ಮೊದಲನೆಯ ಪೂಜಾರ ಕಾಣಿಸುವುದೇ ಇಲ್ಲ.

ರಕ್ತಸಂಬಂಧವೂ ಈ ಲೆಕ್ಕವನ್ನು ಖಚಿತಗೊಳಿಸಲಾರದು. ಸುನಿಲ್ ಗಾವಸ್ಕರ್ 125 ಟೆಸ್ಟ್ ಪಂದ್ಯಗಳಲ್ಲಿ 10,122 ಓಟಗಳನ್ನು ಗಳಿಸಿದವರು. ಅವರ ಮಗ ರೋಹನ್ ಭಾರತಕ್ಕಾಗಿ 11 ಏಕದಿನ ಪಂದ್ಯಗಳನ್ನು ಆಡಿದರು, ಟೆಸ್ಟ್ ಆಡಲಿಲ್ಲ. ದೇಶದ ಪರವಾಗಿ ಹನ್ನೊಂದು ಬಾರಿ ಆಡುವುದು ಕೋಟಿಗೊಬ್ಬರಿಗೆ ದಕ್ಕುವ ಭಾಗ್ಯ. ತಂದೆಯ ಹೆಸರಿನ ಪಕ್ಕದಲ್ಲಿ ಬರೆದಾಗ ಮಾತ್ರ ಅದು ಸಣ್ಣದಾಗಿ ತೋರುತ್ತದೆ.

ಮೊಳಕೆಯನ್ನು ನೋಡುವ ಬಗೆ

‘ಬೆಳೆಯ ಸಿರಿ ಮೊಳಕೆಯಲ್ಲಿ ನೋಡು’ ಎಂಬ ಗಾದೆ ನಮ್ಮಲ್ಲಿದೆಯಲ್ಲ ಎಂದು ಓದುಗರು ಕೇಳಬಹುದು. ಗಾದೆ ಸುಳ್ಳಲ್ಲ, ಆದರೆ ಮೊಳಕೆಯಲ್ಲಿ ಏನನ್ನು ನೋಡಬೇಕೆಂಬುದನ್ನು ಒಕ್ಕಲಿಗನೇ ಬಲ್ಲ. ಅವನು ಮೊಳಕೆಯ ಎತ್ತರವನ್ನು ಅಳೆಯುವುದಿಲ್ಲ. ಬೇರು ಹಿಡಿದಿದೆಯೋ, ಎಲೆಯ ಬಣ್ಣ ಹೇಗಿದೆ, ನೆಲದಲ್ಲಿ ಹಸಿ ಇದೆಯೋ ಎಂದು ನೋಡುತ್ತಾನೆ. ಒಂದು ದಿನ ಬಾಡಿತೆಂದು ಕಿತ್ತೆಸೆಯುವುದೂ ಇಲ್ಲ.

ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟ್ ಆಡಿದಾಗ ಮೊದಲ ಇನ್ನಿಂಗ್ಸಿನಲ್ಲಿ ಗಳಿಸಿದ್ದು ಶೂನ್ಯ. ಅಂದಿನ ಸಂಜೆಯೇ ತೀರ್ಪು ಬರೆದಿದ್ದರೆ ಎರಡನೆಯ ಇನ್ನಿಂಗ್ಸಿನ 137ನ್ನು ನಾವು ಕಾಣುತ್ತಿರಲಿಲ್ಲ. ಅವರು ಒಟ್ಟು ಗಳಿಸಿದ 6,080 ಟೆಸ್ಟ್ ಓಟಗಳ ಸೊಗಸನ್ನೂ ಕಾಣುತ್ತಿರಲಿಲ್ಲ. ದ್ರಾವಿಡರೇ ತಮ್ಮ ಮೊದಲ ಏಕದಿನ ಪಂದ್ಯದಲ್ಲಿ ಗಳಿಸಿದ್ದು ಮೂರು ಓಟ. ಮುಂದೆ ನಿಧಾನಗತಿಯ ಆಟಗಾರನೆಂದು ಏಕದಿನ ತಂಡದಿಂದ ಹೊರಗಿಟ್ಟದ್ದೂ ಉಂಟು. ಅದೇ ದ್ರಾವಿಡರು 1999ರ ವಿಶ್ವಕಪ್ಪಿನಲ್ಲಿ 461 ಓಟಗಳೊಡನೆ ಎಲ್ಲ ದೇಶಗಳ ದಾಂಡಿಗರಿಗಿಂತ ಮುಂದೆ ನಿಂತರು. 2001ರ ಪ್ರಸಿದ್ಧ ಕಲ್ಕತ್ತಾ ಟೆಸ್ಟ್‌ನಲ್ಲಿ ಅವರನ್ನು ಮೂರನೆಯ ಕ್ರಮಾಂಕದಿಂದ ಆರಕ್ಕೆ ಇಳಿಸಿ ಲಕ್ಷ್ಮಣರನ್ನು ಮೇಲಕ್ಕೆ ಕಳುಹಿಸಿದರು. ಮುನಿಸಿಕೊಂಡು ಕೂರದೆ ಆರನೆಯವರಾಗಿ ಇಳಿದು 180 ಓಟಗಳನ್ನು ಗಳಿಸಿದರು. ಲಕ್ಷ್ಮಣರೊಡನೆ 376 ಓಟಗಳ ಜೊತೆಯಾಟ ಕಟ್ಟಿದರು. ಸೋಲಬೇಕಾಗಿದ್ದ ಪಂದ್ಯ ಗೆಲುವಾಯಿತು. ಅನುಕರಿಸಬೇಕಾದುದು ಇದನ್ನು. ಇದಕ್ಕೆ ದಿನಾಂಕವೂ ಕ್ರಮಾಂಕವೂ ಬೇಕಿಲ್ಲ.

ಈ ಬಗೆಯಲ್ಲಿ ನೋಡಿದರೆ ಸಾಯಿ ಸುದರ್ಶನ್ ಅವರಲ್ಲಿ ಗಮನಿಸತಕ್ಕ ಸಂಗತಿಗಳಿವೆ. ಲೀಡ್ಸ್ ಪಂದ್ಯದ ಮೇಲೆ ಅವರನ್ನು ತಂಡದಿಂದ ಹೊರಗಿಟ್ಟು, ಮೂರನೆಯ ಸ್ಥಾನವನ್ನು ಕರ್ನಾಟಕದ ಕರುಣ್ ನಾಯರರಿಗೆ ಕೊಟ್ಟರು. ನಾಯರರೂ ಲೀಡ್ಸ್‌ನ ಆ ಮೊದಲ ಇನ್ನಿಂಗ್ಸಿನಲ್ಲಿ ಶೂನ್ಯಕ್ಕೇ ಔಟಾಗಿದ್ದವರು. 2016ರಲ್ಲಿ ಚೆನ್ನೈಯಲ್ಲಿ ಅಜೇಯ 303 ಹೊಡೆದು, ತಂಡದಿಂದ ಹೊರಗೆ ಬಿದ್ದು, ಎಂಟು ವರ್ಷ ಕಾದು ಮರಳಿದವರು. ಎರಡು ಪಂದ್ಯಗಳು ಕಳೆದ ಮೇಲೆ ಮ್ಯಾಂಚೆಸ್ಟರಿನಲ್ಲಿ ಮತ್ತೆ ಕರೆ ಬಂದಾಗ ಸಾಯಿ ಸುದರ್ಶನ್ 61 ಓಟಗಳನ್ನು ಗಳಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ವೆಸ್ಟ್ ಇಂಡೀಸಿನ ವಿರುದ್ಧ 87 ಓಟಗಳನ್ನು ಗಳಿಸಿದರು. ನವೆಂಬರಿನ ಕಲ್ಕತ್ತಾ ಪಂದ್ಯದಲ್ಲಿ ಪುನಃ ಹೊರಗುಳಿಯಬೇಕಾಯಿತು. ಏಳುಬೀಳುಗಳ ಈ ಮೊದಲ ವರ್ಷದಿಂದ ಹದಿನೈದು ವರ್ಷಗಳ ಚಿತ್ರವನ್ನು ಯಾರೂ ಬರೆಯಲಾರರು. ಬಿದ್ದ ಮೇಲೆ ಎದ್ದು ನಿಂತರೆಂಬುದನ್ನು ಮಾತ್ರ ಧೈರ್ಯವಾಗಿ ಹೇಳಬಹುದು.

ನಮ್ಮ ಮನೆಯ ಮಕ್ಕಳ ಮಾತು

ಆಟದ ವಿಷಯವನ್ನು ಇಷ್ಟು ವಿಸ್ತರಿಸಿದುದಕ್ಕೆ ಕಾರಣವಿದೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ಬೇಸಗೆಯ ತರಬೇತಿ ಶಿಬಿರಗಳು ಹೆಚ್ಚಿವೆ. ಹನ್ನೆರಡು ವರ್ಷದ ಹುಡುಗ ಎರಡು ಚೆಂಡನ್ನು ಚೆನ್ನಾಗಿ ತಡೆದರೆ ಅವನಿಗೊಂದು ದೊಡ್ಡ ಹೆಸರನ್ನು ಅಂಟಿಸುತ್ತೇವೆ. ಕೇರಿಯವರೆಲ್ಲ ಹಾಗೆಯೇ ಕೂಗುತ್ತಾರೆ. ತಂದೆ ಮಗ್ಗದ ಕೂಲಿಯಲ್ಲಿಯೋ ಬನಿಯನ್ ಕಾರ್ಖಾನೆಯ ಸಂಬಳದಲ್ಲಿಯೋ ಉಳಿಸಿ ದಾಂಡು ಕೊಡಿಸುತ್ತಾನೆ. ಹದಿನಾರರಲ್ಲಿ ಜಿಲ್ಲಾ ತಂಡದ ಆಯ್ಕೆಯಲ್ಲಿ ಹೆಸರು ಬಾರದಿದ್ದರೆ ಅದೇ ಕೇರಿ ಅದೇ ಹೆಸರನ್ನು ಹಾಸ್ಯಕ್ಕಾಗಿ ಕೂಗುತ್ತದೆ. ಹೀಗೆ ಅಂಗಳವನ್ನೂ ಪುಸ್ತಕವನ್ನೂ ಒಟ್ಟಿಗೆ ಬಿಟ್ಟು ಮೂಲೆ ಸೇರಿದ ಮಕ್ಕಳನ್ನು ನಮ್ಮ ವೃತ್ತಿಯಲ್ಲಿ ಕಂಡಿದ್ದೇವೆ. ಅವರಿಗೆ ಆಟ ಬಾರದಿರಲಿಲ್ಲ. ಹೊರಿಸಿದ ಹೆಸರು ಭಾರವಾಗಿತ್ತು.

ಆಟದ ಮಾತಷ್ಟೇ ಅಲ್ಲ. ‘ನಿನ್ನ ಅಕ್ಕನಂತೆ ಏಕೆ ಓದುವುದಿಲ್ಲ?’ ‘ಬೆಂಗಳೂರಿನ ಚಿಕ್ಕಪ್ಪನ ಮಕ್ಕಳಂತೆ ಏಕೆ ಕನ್ನಡ ಓದಲು ಬರುವುದಿಲ್ಲ?’ ಎಂದು ಕೇಳುವಾಗಲೂ ನಾವು ಮಾಡುವುದು ಇದನ್ನೇ. ಬೆಂಗಳೂರಿನ ಮಗುವಿಗೆ ಶಾಲೆಯಲ್ಲಿ ಕನ್ನಡವಿದೆ, ಅಂಗಡಿಯ ಹಲಗೆಯ ಮೇಲೆ ಕನ್ನಡವಿದೆ. ನಮ್ಮ ಮಗುವಿಗೆ ಅಜ್ಜಿಯ ಬಾಯಲ್ಲಿ ಮಾತ್ರ ಕನ್ನಡ. ಶಾಂಘಾಯಿಯ ಹುಡುಗನನ್ನೂ ಬಲ್ಲೋಕೆಯ ಹುಡುಗನನ್ನೂ ಹೋಲಿಸಿದವರು ಮಾಡಿದ ತಪ್ಪು ಇದೇ ಅಲ್ಲವೆ?

ಹೋಲಿಕೆಯನ್ನೇ ಬಿಟ್ಟುಬಿಡಿರೆಂದು ನಾವು ಹೇಳುವುದಿಲ್ಲ. ಶಿಕ್ಷಕರ ತರಬೇತಿಯಲ್ಲಿ ನಮಗೆ ಮೊದಲು ಕಲಿಸುವ ಸೂತ್ರವೇ ತಿಳಿದುದರಿಂದ ತಿಳಿಯದುದಕ್ಕೆ ಸಾಗಬೇಕೆಂಬುದು. ತಿಳಿದ ದ್ರಾವಿಡರಿಂದ ತಿಳಿಯದ ತರುಣನತ್ತ ಸಾಗುವುದೂ ಅದೇ ಮಾರ್ಗ. ಆದರೆ ಹೋಲಿಸುವಾಗ ಮೂರು ಎಚ್ಚರಗಳಿರಲಿ. ಮೊದಲನೆಯದು, ಆರಂಭವನ್ನು ಆರಂಭದೊಡನೆ ಹೋಲಿಸಬೇಕು. ಒಬ್ಬರ ಮೊದಲ ವರ್ಷವನ್ನು ಇನ್ನೊಬ್ಬರ ಹದಿನಾರು ವರ್ಷಗಳೊಡನೆ ಅಲ್ಲ. ಎರಡನೆಯದು, ಗಳಿಕೆಗಿಂತ ಮೊದಲು ಅಭ್ಯಾಸವನ್ನು ಹೋಲಿಸಬೇಕು: ಎಷ್ಟು ಹೊತ್ತಿಗೆ ಏಳುತ್ತಾನೆ, ಸೋತಮೇಲೆ ಏನು ಮಾಡುತ್ತಾನೆ, ಸ್ಥಾನ ಬದಲಿಸಿದಾಗ ಹೇಗೆ ನಡೆದುಕೊಳ್ಳುತ್ತಾನೆ. ಮೂರನೆಯದು, ಬೆಳೆದ ನೆಲವನ್ನೂ ದೊರೆತ ಸೌಕರ್ಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈ ಮೂರನ್ನೂ ಪಾಲಿಸಿದ ಹೋಲಿಕೆಯಿಂದ ಮಗು ಕಲಿಯುತ್ತದೆ. ಪಾಲಿಸದ ಹೋಲಿಕೆಯಿಂದ ಕುಗ್ಗುತ್ತದೆ.

ಹಾಗಾದರೆ ಸಾಯಿ ಸುದರ್ಶನ್ ಮತ್ತೊಬ್ಬ ದ್ರಾವಿಡ್ ಆಗುವರೇ? ಮತ್ತೊಬ್ಬ ದ್ರಾವಿಡ್ ಆಗಬೇಕಾದ ಅಗತ್ಯವೇ ಅವರಿಗಿಲ್ಲ ಎಂದು ನಾವು ಭಾವಿಸುತ್ತೇವೆ. ಇನ್ನೂ ಕೆಲವು ವರ್ಷ ಅವರಿಗೆ ಆಡಲು ಬಿಟ್ಟರೆ ಅವರು ಯಾರೆಂಬುದು ತಾನಾಗಿ ತಿಳಿದುಬರುವುದು. ಅಜ್ಜಂದಿರು ದ್ರಾವಿಡರ ಕಲ್ಕತ್ತಾ ಆಟದ ಕಥೆಯನ್ನು ಮೊಮ್ಮಕ್ಕಳಿಗೆ ಹೇಳಲಿ, ಕನ್ನಡದಲ್ಲಿಯೇ ಹೇಳಲಿ. ಮೊಮ್ಮಕ್ಕಳು ಕೊಯಮತ್ತೂರಿನ ಆ 86 ಓಟಗಳ ಕಥೆಯನ್ನು ಅಜ್ಜಂದಿರಿಗೆ ಹೇಳಲಿ. ಕಥೆ ಮುಗಿದ ಮೇಲೆ ಮಗು ದಾಂಡು ಹಿಡಿದು ಅಂಗಳಕ್ಕೆ ಇಳಿದರೆ, ಅದನ್ನು ಅದರ ಸ್ವಂತ ಹೆಸರಿನಿಂದಲೇ ಕರೆಯೋಣ.